ದಪ್ಪ ತಂತಿ ಹಾಕಿಸಿದವರು ಯಾರು?

ಬೇಸಿಗೆ ಕಾಲಿಟ್ಟಿತೆಂದರೆ ಸಾಕು, ಪತ್ರಿಕೆಗಳ ಒಳಪುಟದಲ್ಲಿ ಎರಡು ಸಾಲಿನ ಸುದ್ದಿಯೊಂದು ತಪ್ಪದೆ ಬರುತ್ತದೆ. ಇಂಥ ಪೇಟೆಯಲ್ಲಿ ಅಂಗಡಿಗೆ ಬೆಂಕಿ. ಇಂಥ ಗೋದಾಮು ಭಸ್ಮ. ಕಾರಣ ವಿದ್ಯುತ್ ಶಾರ್ಟ್ ಸರ್ಕ್ಯೂಟ್. ಓದಿದವರು ಲೊಚಗುಟ್ಟಿ ಪುಟ ಮಗುಚುತ್ತಾರೆ. ಶಾರ್ಟ್ ಸರ್ಕ್ಯೂಟ್ ಎಂಬುದು ಆಕಾಶದಿಂದ ಬಿದ್ದ ಉಲ್ಕೆಯೋ ಎಂಬಂತೆ, ಅದಕ್ಕೆ ತಂದೆಯಿಲ್ಲ ತಾಯಿಯಿಲ್ಲ ಎಂಬಂತೆ, ಪಂಚನಾಮೆ ಮುಗಿಯುತ್ತದೆ. ನಾವು ಕೇಳುವುದು ಒಂದೇ ಮಾತು. ಆ ಕಟ್ಟಡದಲ್ಲಿ ಫ್ಯೂಸು ಇರಲಿಲ್ಲವೆ? ಇದ್ದರೆ ಅದು ಯಾಕೆ ಹೋಗಲಿಲ್ಲ?

ಈ ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ. ಕೇಳಿದರೆ ಉತ್ತರ ಸಿಕ್ಕೀತೆಂಬ ಭಯವಿರಬೇಕು.

ನಮ್ಮ ಜನ ಅದನ್ನು ‘ಪೀಜು’ ಎನ್ನುತ್ತಾರೆ. ‘ಪೀಜು ಹೋಗೈತೆ, ತಡಿ’ ಎಂದು ಕುರ್ಚಿ ಹತ್ತಿ, ಬಿಳಿ ಪಿಂಗಾಣಿಯ ಹಿಡಿ ಕಿತ್ತು, ಎರಡು ತಿರುಪುಗಳ ನಡುವೆ ಕೂದಲೆಳೆಯಂಥ ತಂತಿ ಸುತ್ತಿ ಮತ್ತೆ ಸಿಕ್ಕಿಸುವ ಕೆಲಸವನ್ನು ದಾವಣಗೆರೆಯ ಹತ್ತು ವರ್ಷದ ಹುಡುಗನೂ ನೋಡಿದ್ದಾನೆ. ಆದರೆ ಆ ಎಳೆ ಅಷ್ಟು ತೆಳ್ಳಗೆ ಯಾಕಿದೆಯೆಂಬುದನ್ನು ಅವನಿಗೆ ಯಾರೂ ಹೇಳಿಕೊಡಲಿಲ್ಲ. ತೆಳ್ಳಗಿರುವುದು ಅದರ ಬಡತನವಲ್ಲ, ಅದರ ಉದ್ಯೋಗ. ಇಡೀ ಸಾಲಿನಲ್ಲಿ ಎಲ್ಲಕ್ಕಿಂತ ಮೊದಲು ಸಾಯುವುದಕ್ಕೆಂದೇ ಅದನ್ನು ಅಲ್ಲಿ ನಿಲ್ಲಿಸಲಾಗಿದೆ.

ವಿದ್ಯುತ್ತು ತಂತಿಯಲ್ಲಿ ಹರಿದಾಗ ಶಾಖ ಹುಟ್ಟುತ್ತದೆ. ಆ ಶಾಖ ಕರೆಂಟಿನ ಲೆಕ್ಕಕ್ಕೆ ಸಮನಾಗಿ ಏರುವುದಿಲ್ಲ, ಅದರ ವರ್ಗದಂತೆ ಏರುತ್ತದೆ. ಕರೆಂಟು ಎರಡು ಪಟ್ಟಾದರೆ ಶಾಖ ನಾಲ್ಕು ಪಟ್ಟು. ಐದು ಪಟ್ಟಾದರೆ ಇಪ್ಪತ್ತೈದು ಪಟ್ಟು. ಜೂಲ್ ಎಂಬ ಇಂಗ್ಲಿಷ್ ವಿಜ್ಞಾನಿ 1840ರ ಸುಮಾರಿಗೇ ಇದನ್ನು ಅಳೆದು ತೋರಿಸಿದ. ಸಾಹುಕಾರರ ಚಕ್ರಬಡ್ಡಿ ಬಲ್ಲವರಿಗೆ ಈ ಲೆಕ್ಕ ಕಷ್ಟವಾಗಲಾರದು. ಗೋಡೆಯೊಳಗೆ, ಅಟ್ಟದ ಮೇಲೆ, ಹತ್ತಿಯ ಮೂಟೆಗಳ ಹಿಂದೆ ಹರಿದುಹೋದ ತಂತಿಯನ್ನು ನಾವು ಕಾಣುವಂತಿಲ್ಲ. ಅದು ಕಾದರೆ ತಿಳಿಯುವಂತಿಲ್ಲ. ಈಗಿನ ತಂತಿಗಳ ಮೇಲಿನ ಪಿ.ವಿ.ಸಿ. ಹೊದಿಕೆ ಸಾಮಾನ್ಯವಾಗಿ 70 ಡಿಗ್ರಿ ಸೆಲ್ಸಿಯಸ್ ಶಾಖಕ್ಕೆ ಮಾತ್ರ ತಯಾರಾದದ್ದು. ಒಳಗಿನ ತಾಮ್ರ ಕರಗಬೇಕಾದರೆ 1083 ಡಿಗ್ರಿ ಬೇಕು. ಅಂದರೆ ತಾಮ್ರ ಕರಗುವ ಬಹಳ ಮುಂಚೆಯೇ ಹೊದಿಕೆ ಮೆತ್ತಗಾಗಿ, ಕರಿದಾಗಿ, ಉರಿಯತೊಡಗುತ್ತದೆ. ಆದುದರಿಂದ ಕಣ್ಣಿಗೆ ಕಾಣುವ, ಕೈಗೆ ಸಿಗುವ ಒಂದು ಜಾಗದಲ್ಲಿ, ಪಿಂಗಾಣಿಯ ಗೂಡಿನೊಳಗೆ, ಬೇಕೆಂದೇ ಒಂದು ದುರ್ಬಲ ತುಂಡನ್ನು ಇಡುತ್ತಾರೆ. ಮಿತಿ ಮೀರಿದ ಕರೆಂಟು ಬಂದಾಗ ಅದು ಕರಗಿ ಸಾಲನ್ನು ತುಂಡರಿಸುತ್ತದೆ. ಗೋಡೆಯೊಳಗೆ ಆಗಬೇಕಾಗಿದ್ದ ಅನಾಹುತ ಗೂಡಿನೊಳಗೆ ಮುಗಿಯುತ್ತದೆ.

ಇದು ಹೊಸ ವಿದ್ಯೆಯೇನೂ ಅಲ್ಲ. ಟೆಲಿಗ್ರಾಫ್ ಕಚೇರಿಗಳನ್ನು ಸಿಡಿಲಿನಿಂದ ಕಾಪಾಡಲು ತೆಳು ತಂತಿಯ ತುಂಡನ್ನು ನಡುವೆ ಇಡಬೇಕೆಂದು 1847ರಲ್ಲೇ ಫ್ರಾನ್ಸಿನ ಬ್ರೆಗೆ ಎಂಬುವನು ಹೇಳಿದ್ದ. ಅಮೆರಿಕದ ಎಡಿಸನ್ 1890ರಲ್ಲಿ ಫ್ಯೂಸಿನ ಗೂಡಿಗೆ ಪೇಟೆಂಟ್ ಪಡೆದ. ಎಡಿಸನ್ ಮಹಾಶಯ ಸಮಾಜವಾದಿಯಾಗಿರಲಿಲ್ಲ. ದೀಪ ಮಾರುವ ವ್ಯಾಪಾರಿಯಾಗಿದ್ದ. ಅಂಥವನಿಗೂ ತಿಳಿದಿದ್ದ ಮಾತು ನಮ್ಮ ಮಾಲೀಕ ಮಹಾಶಯರಿಗೆ ಇಂದಿಗೂ ತಿಳಿಯದೆ ಹೋಗಿದೆಯೆಂದರೆ ನಾವು ನಂಬುವುದಿಲ್ಲ. ತಿಳಿದಿದೆ. ತಿಳಿದೇ ದಪ್ಪ ತಂತಿ ಹಾಕಿಸುತ್ತಾರೆ.

ದಪ್ಪ ತಂತಿ ಎಷ್ಟು ದಪ್ಪ? ಈ ಲೆಕ್ಕವನ್ನು ಓದುಗ ಬಂಧುಗಳು ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಬೇಕು. ಬ್ರಿಟಿಷ್ ಅಂಚೆ ತಂತಿ ಇಲಾಖೆಯ ಎಂಜಿನಿಯರ್ ವಿಲಿಯಂ ಪ್ರೀಸ್ ಎಂಬುವನು 1880ರ ದಶಕದಲ್ಲಿ ಯಾವ ದಪ್ಪದ ತಂತಿ ಎಷ್ಟು ಕರೆಂಟಿಗೆ ಕರಗುತ್ತದೆಂದು ಪರೀಕ್ಷಿಸಿ ಸೂತ್ರ ಕಟ್ಟಿದ. ಅದರಂತೆ ಐದು ಆಂಪಿಯರಿನ ಫ್ಯೂಸಿಗೆ ಹಾಕುವ 0.2 ಮಿಲಿಮೀಟರ್ ತಾಮ್ರದೆಳೆ ಸುಮಾರು 7 ಆಂಪಿಯರಿಗೆ ಕರಗುತ್ತದೆ. ಎಳೆಯ ದಪ್ಪವನ್ನು ಎರಡು ಪಟ್ಟು ಮಾಡಿದರೆ ಕರಗುವ ಕರೆಂಟು 14 ಆಗುವುದಿಲ್ಲ, 20 ಆಗುತ್ತದೆ. ಇನ್ನು ವೈರಿಂಗಿಗೆ ಬಳಸುವ 18 ಗೇಜಿನ ತಂತಿಯ ತುಂಡನ್ನೇ ಫ್ಯೂಸಿಗೆ ಸುತ್ತಿದಿರೋ, ಅದು ಕರಗಲು ನೂರು ಆಂಪಿಯರಿಗೂ ಮೇಲೆ ಬೇಕು. ಅಷ್ಟು ಹೊತ್ತಿಗೆ ಗೋಡೆಯೊಳಗಿನ ತಂತಿಯ ಗತಿಯೇನು? ಅದೇ ಗೇಜಿನ ತಂತಿ ಅಲ್ಲಿಯೂ ಇದೆಯಲ್ಲ! ಕಾವಲುಗಾರನೂ ಕಳ್ಳನೂ ಒಂದೇ ತೂಕದವರಾದ ಮೇಲೆ ಕಾವಲಿನ ಮಾತೆಲ್ಲಿ?

ಈಗ ನಮ್ಮೂರಿನ ಮಾತಿಗೆ ಬರೋಣ. ಕಳೆದ ಶತಮಾನದಲ್ಲಿ ದಾವಣಗೆರೆಯನ್ನು ಕರ್ನಾಟಕದ ಮ್ಯಾಂಚೆಸ್ಟರ್ ಎಂದು ಹೊಗಳಿ ಭಾಷಣ ಮಾಡದ ಮಂತ್ರಿಯಿಲ್ಲ. ಆ ಗಿರಣಿಗಳಲ್ಲಿ ಹೆಚ್ಚಿನವು ಇಂದು ಬೀಗ ಹಾಕಿಕೊಂಡಿವೆ, ಚಿಮಣಿಗಳಿಗೆ ಹೊಗೆಯಿಲ್ಲ. ಮುಚ್ಚಿಹೋದ ಅಂಥದೊಂದು ಗಿರಣಿಯಲ್ಲಿ (ಹೆಸರು ಬೇಡ) ಫಿಟರ್ ಆಗಿದ್ದ ಹಿರಿಯರೊಬ್ಬರು ಜಯದೇವ ವೃತ್ತದ ಬಳಿ ಚಹಾ ಕುಡಿಯುತ್ತ ನಮಗೆ ಹೇಳಿದ್ದು ಇದು. 1970ರ ದಶಕದ ಒಂದು ರಾತ್ರಿ ಪಾಳಿ. ಹತ್ತಿ ಬಿಡಿಸುವ ಖಾತೆಯ ಮೋಟಾರಿನ ಫ್ಯೂಸು ಒಂದೇ ಪಾಳಿಯಲ್ಲಿ ಮೂರು ಸಲ ಹೋಯಿತು. ಬೇರಿಂಗು ಹಿಡಿದಿದೆ, ಯಂತ್ರ ನಿಲ್ಲಿಸಬೇಕು ಎಂದು ಇವರು ಹೇಳಿದರು. ಮೇಸ್ತ್ರಿ ಕಚೇರಿಗೆ ಹೋಗಿ ಬಂದು, ‘ಉತ್ಪಾದನೆ ನಿಲ್ಲಬಾರದಂತೆ. ದಪ್ಪನೆಯದು ಹಾಕು, ನಾಳೆ ನೋಡೋಣ’ ಎಂದ. ಹಾಕಿದರು. ಫ್ಯೂಸು ಹೋಗಲಿಲ್ಲ. ಬೆಳಗಿನ ಜಾವಕ್ಕೆ ಮೋಟಾರಿನ ಸುರುಳಿಯೇ ಹೋಯಿತು. ಪಕ್ಕದ ಹತ್ತಿಗೆ ಕಿಡಿ ತಾಗಿ ಮರಳು ಎರಚಿ ಆರಿಸಬೇಕಾಯಿತು. ಮರುದಿನ ಚಾರ್ಜ್‌ಶೀಟ್ ಯಾರಿಗೆ ಬಂತೆಂದು ಹೇಳಬೇಕಾಗಿಲ್ಲ. ‘ಅಜಾಗರೂಕತೆಯಿಂದ ನಿಯಮಬಾಹಿರ ತಂತಿ ಅಳವಡಿಸಿದ್ದು.’ ಹದಿನೈದು ದಿನ ಸಂಬಳವಿಲ್ಲದ ಸಸ್ಪೆನ್ಷನ್.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ! ಬಾಯಿಮಾತಿನ ಆಜ್ಞೆಗೆ ಸಾಕ್ಷಿಯಿಲ್ಲ. ದಪ್ಪ ತಂತಿಯ ಮೇಲೆ ಮಾತ್ರ ಕಾರ್ಮಿಕನ ಬೆರಳಿನ ಗುರುತಿದೆ. ಆ ಹಿರಿಯರು ಇಷ್ಟು ವರ್ಷದ ಮೇಲೂ ಸಂಬಳ ಹೋದುದಕ್ಕೆ ಮರುಗಲಿಲ್ಲ. ‘ಮೂರು ಸಲ ಅದು ಕೂಗಿ ಹೇಳಿತು, ಮೂರು ಸಲವೂ ನಾನೇ ಅದರ ಬಾಯಿ ಮುಚ್ಚಿದೆ’ ಎಂದು ಮಾತ್ರ ಎರಡೆರಡು ಬಾರಿ ಹೇಳಿದರು.

ಗಿರಣಿಯ ಕತೆ ಹಾಗಾಯಿತು. ಸಣ್ಣ ವ್ಯಾಪಾರಿಗಳು ‘ಅದು ದೊಡ್ಡವರ ಮಾತು’ ಎಂದು ಸುಮ್ಮನಿರಬಾರದು. ಮಂಡಿಪೇಟೆಯ ಹಿಂದಿನ ಗಲ್ಲಿಯೊಂದರಲ್ಲಿ ನಮ್ಮ ಓದುಗರೊಬ್ಬರ ಬಾಡಿಗೆಯ ಕಿರಾಣಿ ಅಂಗಡಿಯಿದೆ. ಕಟ್ಟಡ ಹಳೆಯದು, ವೈರಿಂಗು ಅದಕ್ಕಿಂತ ಹಳೆಯದೋ ಎಂಬಂತಿತ್ತು. ತಂಪು ಪಾನೀಯದ ಫ್ರಿಜ್ಜು, ನಾಲ್ಕು ಫ್ಯಾನು, ಮೇಲೆ ಖಾರದ ಪುಡಿ ಬೀಸುವ ಒಂದು ಅಶ್ವಶಕ್ತಿಯ ಯಂತ್ರ. ಲೆಕ್ಕ ಹಾಕಿ: ನಮ್ಮ ಮನೆಗಳಿಗೆ ಬರುವುದು 230 ವೋಲ್ಟ್. ವಾಟಿನ ಸಂಖ್ಯೆಯನ್ನು 230ರಿಂದ ಭಾಗಿಸಿದರೆ ಹೆಚ್ಚುಕಡಿಮೆ ಆಂಪಿಯರ್ ಸಿಗುತ್ತದೆ. ಮೋಟಾರಾದರೆ ಅದಕ್ಕಿಂತ ಜಾಸ್ತಿ. ಫ್ಯಾನುಗಳಿಗೆ ಒಂದೂಕಾಲು, ಫ್ರಿಜ್ಜಿಗೆ ಒಂದೂವರೆ, ಬೀಸುವ ಯಂತ್ರಕ್ಕೇ ಆರೇಳು. ಎಲ್ಲ ಸೇರಿ ಒಂಬತ್ತು ಹತ್ತು ಆಂಪಿಯರ್, ಐದು ಆಂಪಿಯರಿನ ಸಾಲಿನ ಮೇಲೆ! ಫ್ಯೂಸು ಹೋಗದೆ ಇನ್ನೇನು ಮಾಡೀತು? ಯಂತ್ರಕ್ಕೆಂದು ಬೇರೆಯೇ ದಪ್ಪ ಸಾಲು ಎಳೆದು, ಅದಕ್ಕೆ ತಕ್ಕ ಫ್ಯೂಸು ಇಡಬೇಕಾಗಿತ್ತು. ಇವರು ಕಟ್ಟಡದ ಮಾಲೀಕರನ್ನು ಕೇಳಿದರು. ‘ಖರ್ಚು ನಿನ್ನದು. ಗೋಡೆ ಒಡೆಯಲು ನಾನು ಬಿಡುವುದಿಲ್ಲ. ಆಗದಿದ್ದರೆ ಅಂಗಡಿ ಖಾಲಿ ಮಾಡು’ ಎಂದು ಉತ್ತರ ಬಂತು. ಕೊನೆಗೆ ಯಾರೋ ಒಬ್ಬ ವೈರ್‌ಮನ್ ಐವತ್ತು ರೂಪಾಯಿಗೆ ಸಮಸ್ಯೆ ಬಗೆಹರಿಸಿದ: ವೈರಿನ ಏಳು ಎಳೆಗಳನ್ನು ತಿರುಚಿ ಫ್ಯೂಸಿಗೆ ಸುತ್ತಿ ಹೋದ.

ಮೂರು ತಿಂಗಳು ಏನೂ ಆಗಲಿಲ್ಲ. ಅದೇ ಮೋಸ. ಒಂದು ಮಧ್ಯಾಹ್ನ ಯಂತ್ರದಲ್ಲಿ ಏನೋ ಸಿಕ್ಕಿಕೊಂಡು ಅದು ನಿಂತಿತು. ಹುಡುಗ ಗಿರಾಕಿಗೆ ಸಾಮಾನು ಕಟ್ಟಲು ಹೋಗಿದ್ದ. ತಿರುಗಲಾರದೆ ನಿಂತ ಮೋಟಾರು ಐದಾರು ಪಟ್ಟು ಕರೆಂಟನ್ನು ಎಳೆಯುತ್ತದೆ. ಸರಿಯಾದ ಫ್ಯೂಸಾಗಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಏಳು ಎಳೆಯ ಆ ಗಟ್ಟಿಗ ಅಲುಗಾಡಲಿಲ್ಲ. ಅಟ್ಟದ ಮೇಲಿನ ತಂತಿ ಹೊತ್ತಿಕೊಂಡು ಗೋಣಿಚೀಲಗಳಿಗೆ ತಗುಲಿತು. ಪುಣ್ಯಕ್ಕೆ ಮೇನ್ ಸ್ವಿಚ್ಚು ಬಾಗಿಲ ಬಳಿಯೇ ಇತ್ತು, ಜೀವಹಾನಿಯಾಗಲಿಲ್ಲ. ಅರ್ಧ ಅಂಗಡಿ ಹೋಯಿತು. ಪಂಚನಾಮೆಯಲ್ಲಿ ಬರೆದದ್ದು: ಶಾರ್ಟ್ ಸರ್ಕ್ಯೂಟ್. ಮಾಲೀಕರು ಹೇಳಿದ್ದು: ನಿನ್ನ ಲೋಡು, ನಿನ್ನ ಪಾಪ.

ಒಂದೇ ಕಟ್ಟಡದ ಮಾತಲ್ಲ ಇದು. 2019ರ ಡಿಸೆಂಬರ್ 8ರ ಬೆಳಗಿನ ಜಾವ ದೆಹಲಿಯ ಅನಾಜ್ ಮಂಡಿಯಲ್ಲಿ ಚೀಲ ಹೊಲಿಯುವ ಕಟ್ಟಡಕ್ಕೆ ಬೆಂಕಿ ಬಿದ್ದು, ಒಳಗೆ ಮಲಗಿದ್ದ ಕೂಲಿಕಾರರು ಸೇರಿ 43 ಮಂದಿ ಸತ್ತರು. ಮೊದಲ ವರದಿಯಲ್ಲಿ ಅದೇ ಪದ: ಶಾರ್ಟ್ ಸರ್ಕ್ಯೂಟ್. 2010ರ ಫೆಬ್ರವರಿ 23ರಂದು ಬೆಂಗಳೂರಿನ ಕಾರ್ಲ್‌ಟನ್ ಟವರ್ಸ್ ಕಟ್ಟಡದಲ್ಲಿ ವಿದ್ಯುತ್ ತಂತಿಗಳ ಕೊಳವೆಯಿಂದೆದ್ದ ಹೊಗೆ 9 ಜನರನ್ನು ಬಲಿ ತೆಗೆದುಕೊಂಡಿತು. ಗಾಜಿನ ಅರಮನೆಯಾಗಲಿ, ಮಂಡಿಪೇಟೆಯ ಗಲ್ಲಿಯಾಗಲಿ, ತಂತಿ ಕಾಯುವ ರೀತಿ ಒಂದೇ.

ಇಲ್ಲಿ ಹರಿಹರದ ಸಣ್ಣ ವರ್ಕ್‌ಶಾಪಿನ ಗೆಳೆಯರು ಒಂದು ಆಕ್ಷೇಪಣೆ ಎತ್ತುತ್ತಾರೆ. 1941ರಲ್ಲಿ ಆರಂಭವಾಗಿ ಈಗ ಮುಚ್ಚಿಹೋಗಿರುವ ಕಿರ್ಲೋಸ್ಕರ್ ಕಾರ್ಖಾನೆಯ ಲೇತುಗಳ ಮೇಲೆ ಕೈ ಪಳಗಿಸಿಕೊಂಡವರು, ಇಲ್ಲವೆ ಅವರ ಮಕ್ಕಳು, ಹರಿಹರದ ಷೆಡ್ಡುಗಳಲ್ಲಿ ಇಂದಿಗೂ ಲೇತು ತಿರುಗಿಸುತ್ತಾರೆ. ಅವರ ಮಾತನ್ನು ನಾವು ಲಘುವಾಗಿ ಕಾಣುವುದಿಲ್ಲ. ಅವರೆನ್ನುವುದು: ‘ಐದು ಅಶ್ವಶಕ್ತಿಯ ಮೋಟಾರು ಓಡುವಾಗ ಏಳೂವರೆ ಆಂಪಿಯರ್ ತಿನ್ನುತ್ತದೆ. ಆದರೆ ಹೊರಡುವ ಗಳಿಗೆಯಲ್ಲಿ ಅದರ ಆರು ಪಟ್ಟು, ನಲವತ್ತೈದು ಆಂಪಿಯರ್ ಎಳೆಯುತ್ತದೆ. ತೆಳು ಫ್ಯೂಸು ಹಾಕಿದರೆ ಪ್ರತಿಸಲವೂ ಹೋಗುತ್ತದೆ. ದಪ್ಪ ಹಾಕದೆ ಏನು ಮಾಡಬೇಕು?’

ಮಾತು ನಿಜ, ತೀರ್ಮಾನ ತಪ್ಪು. ಫ್ಯೂಸು ಕ್ಷಣದ ಏರಿಕೆಗೆ ಕರಗುವುದಿಲ್ಲ. ಕರಗುವಷ್ಟು ಶಾಖ ಕೂಡಲು ಅದಕ್ಕೂ ಹೊತ್ತು ಬೇಕು. ಮೋಟಾರಿನ ಹೊರಡುವ ಕಾಲವನ್ನು ಲೆಕ್ಕಕ್ಕೆ ಹಿಡಿದು ಆರಿಸಿದ ಫ್ಯೂಸು, ಅದರ ಜೊತೆಗೆ ಸ್ಟಾರ್ಟರಿನೊಳಗೆ ಓವರ್‌ಲೋಡ್ ರಿಲೇ, ಇವೆರಡೂ ಜೋಡೆತ್ತಿನಂತೆ ಇರಬೇಕು. ಮೂರು ಫೇಸಿನಲ್ಲಿ ಒಂದರ ಫ್ಯೂಸು ಮಾತ್ರ ಹೋದರೆ ಮೋಟಾರು ಉಳಿದೆರಡರ ಮೇಲೆ ಗೊರಗುಡುತ್ತ ಓಡುತ್ತದೆ. ಪೂರ್ತಿ ಹೊರೆಯಿದ್ದರೆ ಕರೆಂಟು ಒಂದೂ ಮುಕ್ಕಾಲು ಪಟ್ಟಿನ ಹತ್ತಿರ ಏರಿ ಸುರುಳಿ ಸುಡುತ್ತದೆ. ಏಳೂವರೆಯು ಹದಿಮೂರಾದುದನ್ನು ಹದಿನೈದರ ಫ್ಯೂಸು ಅರಿಯದು. ಏಳೂವರೆಗೆ ತಿರುಗಿಸಿಟ್ಟ ರಿಲೇ ಅರಿಯುತ್ತದೆ. ಸುಟ್ಟ ಮೋಟಾರನ್ನು ಮತ್ತೆ ಸುತ್ತಿಸುವ ಕೂಲಿಗಿಂತ ರಿಲೇ ಅಗ್ಗ. ಎಷ್ಟೋ ಷೆಡ್ಡುಗಳಲ್ಲಿ ರಿಲೇ ಇದ್ದೂ ಅದನ್ನು ತಂತಿಯಿಂದ ದಾಟಿಸಿಟ್ಟಿರುತ್ತಾರೆಂದು ಹೇಳಲು ನಮಗೆ ನಾಚಿಕೆಯಾಗುತ್ತದೆ. ಇಲ್ಲಿ ದೂಷಿಸಲು ಯಾವ ಬಂಡವಾಳಗಾರನೂ ಇಲ್ಲ. ನಾವೇ ಇದ್ದೇವೆ.

ಫ್ಯೂಸನ್ನು ಹೊಗಳುವ ಭರದಲ್ಲಿ ಸುಳ್ಳು ಹೇಳಬಾರದು. ಅದು ಎಲ್ಲವನ್ನೂ ಕಾಯುವುದಿಲ್ಲ. ಒಂದು, ಸಡಿಲ ತಿರುಪು. ತಂತಿಯ ತುದಿ ಸಡಿಲವಾಗಿದ್ದರೆ ಆ ಬಿಂದುವಿನಲ್ಲಿಯೇ ಶಾಖ ಹುಟ್ಟುತ್ತದೆ. ಕರೆಂಟು ಹೆಚ್ಚೇನೂ ಇರುವುದಿಲ್ಲವಾದ್ದರಿಂದ ಫ್ಯೂಸು ಸುಮ್ಮನಿರುತ್ತದೆ. 1989ರ ಫೆಬ್ರವರಿ 8ರಂದು ಮೈಸೂರಿನ ಪ್ರೀಮಿಯರ್ ಸ್ಟುಡಿಯೋದಲ್ಲಿ ಟಿಪ್ಪು ಸುಲ್ತಾನ್ ಧಾರಾವಾಹಿಯ ಚಿತ್ರೀಕರಣದ ವೇಳೆ ಬೆಂಕಿ ಬಿದ್ದು 62 ಮಂದಿ ಸತ್ತಾಗ ಸಡಿಲ ವೈರಿಂಗಿನ ಮಾತು ಬಂದಿತ್ತು. ಎರಡನೆಯದು, ಮನುಷ್ಯನ ಮೈ. ಕೈಗೆ ಶಾಕ್ ಹೊಡೆದಾಗ ಫ್ಯೂಸು ಕಾಪಾಡುತ್ತದೆಂಬುದು ನಮ್ಮ ಕಾರ್ಮಿಕರಲ್ಲಿ ಬಹಳ ಹಳೆಯ ಭ್ರಮೆ. ಎದೆಬಡಿತ ನಿಲ್ಲಿಸಲು ಒಂದು ಆಂಪಿಯರಿನ ಸಾವಿರದಲ್ಲಿ ಕೆಲವು ಹತ್ತು ಭಾಗ ಸಾಕು; ಅತಿ ಸಣ್ಣ ಮನೆ ಫ್ಯೂಸು ಕರಗಲು ಐದಾರು ಆಂಪಿಯರಾದರೂ ಬೇಕು. ಅಷ್ಟರಲ್ಲಿ ನೂರು ಜನ ಸಾಯಬಹುದು. ಮೈಯನ್ನು ಕಾಯುವುದಕ್ಕೆ ಸರಿಯಾದ ಅರ್ತಿಂಗೂ, ಸೋರುವ ಕರೆಂಟನ್ನು 30 ಮಿಲಿ ಆಂಪಿಯರಿಗೇ ಹಿಡಿದು ಕಡಿಯುವ ಸಾಧನವೂ ಬೇರೆಯೇ ಬೇಕು. ಮೂರನೆಯದು, ನ್ಯೂಟ್ರಲ್ ತಂತಿಗೆ ಫ್ಯೂಸು ಹಾಕಬಾರದು. ಅದು ಹೋದರೆ ದೀಪ ಆರುತ್ತದೆ, ಆದರೆ ತಂತಿಯಲ್ಲಿ ಸಾವು ಹಾಗೆಯೇ ಕುಳಿತಿರುತ್ತದೆ. 1956ರ ಭಾರತೀಯ ವಿದ್ಯುತ್ ನಿಯಮಗಳಲ್ಲೇ ಇದನ್ನು ನಿಷೇಧಿಸಲಾಗಿತ್ತು. ಹಳೆಯ ಅಂಗಡಿಗಳ ಹಲಗೆಗಳಲ್ಲಿ ಎರಡೂ ತಂತಿಗೆ ಪಿಂಗಾಣಿ ಗೂಡು ಕಂಡರೆ ಕೂಡಲೇ ತೆಗೆಸಿರಿ.

ಹತ್ತಿ, ಹೊಟ್ಟು, ಹಿಟ್ಟಿನ ಧೂಳು ಹಾರುವ ಕಡೆ ಇನ್ನೊಂದು ಎಚ್ಚರ ಬೇಕು. ತೆರೆದ ಫ್ಯೂಸು ಕರಗುವಾಗ ಕಾದ ತಾಮ್ರದ ಹನಿ ಸಿಡಿಯುತ್ತದೆ. ಆದುದರಿಂದ ಅಕ್ಕಿ ಗಿರಣಿಗಳಲ್ಲಿ, ಹತ್ತಿಯ ಖಾತೆಗಳಲ್ಲಿ ಅದು ಮುಚ್ಚಿದ ಪೆಟ್ಟಿಗೆಯೊಳಗಿರಬೇಕು. ಬಿಳಿ ಮರಳು ತುಂಬಿದ ಎಚ್.ಆರ್.ಸಿ. ಫ್ಯೂಸಾದರೆ ಇನ್ನೂ ಒಳ್ಳೆಯದು. ಆ ಮರಳು ಕಿಡಿಯನ್ನು ಒಳಗೇ ನುಂಗುತ್ತದೆ. ಅದಕ್ಕೆ ತಂತಿ ಸುತ್ತಲು ಬರುವುದಿಲ್ಲ. ಹೋದರೆ ಹೊಸದೇ ಹಾಕಬೇಕು. ಮಾಲೀಕರಿಗೆ ಅದು ಸೇರದಿರುವುದು ಈ ಕಾರಣಕ್ಕೇ.

‘ಈಗೆಲ್ಲ ಎಂ.ಸಿ.ಬಿ. ಬಂದಿದೆ, ಫ್ಯೂಸಿನ ಪುರಾಣ ಯಾತಕ್ಕೆ?’ ಎನ್ನುವ ಜಾಣರೂ ಉಂಟು. ಎಂ.ಸಿ.ಬಿ.ಯೊಳಗೆ ಬೇರೆ ಬೇರೆಯಾಗಿ ಹಿಗ್ಗುವ ಎರಡು ಲೋಹಗಳನ್ನು ಒಂದೇ ಪಟ್ಟಿಯಾಗಿ ಬೆಸೆದಿರುತ್ತಾರೆ, ನಮ್ಮ ಹರಿಹರೇಶ್ವರನಂತೆ ಒಂದೇ ಮೈಯಲ್ಲಿ ಇಬ್ಬರು. ಕಾದಾಗ ಪಟ್ಟಿ ಬಾಗಿ ಕೊಂಡಿ ಕಳಚುತ್ತದೆ. ಶಾರ್ಟ್ ಆದರೆ ಪಕ್ಕದ ವಿದ್ಯುತ್ ಕಾಂತ ಕ್ಷಣದಲ್ಲಿ ಎಳೆದು ಬಿಡುತ್ತದೆ. ಜರ್ಮನಿಯಲ್ಲಿ 1920ರ ದಶಕದಲ್ಲಿ ರೂಪುಗೊಂಡ ಒಳ್ಳೆಯ ಸಾಧನ. ಅದರ ಸನ್ನೆಗೆ ಪಟ್ಟಿ ಅಂಟಿಸಿ ಹಿಡಿದರೂ ಒಳಗಿನ ಕೊಂಡಿ ಕಳಚಿಯೇ ತೀರುತ್ತದೆ. ಆದರೆ ಮನುಷ್ಯನ ಜಾಣತನಕ್ಕೆ ಕೊನೆಯಿದೆಯೆ? ಹದಿನಾರರದನ್ನು ಕಿತ್ತು ಮೂವತ್ತೆರಡರದನ್ನು ಕೂರಿಸುತ್ತಾರೆ, ಗೋಡೆಯೊಳಗಿನ ತಂತಿ ಮಾತ್ರ ಹಳೆಯದೇ. ದಪ್ಪ ತಂತಿ ವೇಷ ಬದಲಿಸಿ ಬಂದಿದೆ, ಅಷ್ಟೆ.

ಕಾನೂನಿಲ್ಲವೆ? ಉಂಟು. ಗ್ರಾಹಕನ ಆವರಣದಲ್ಲಿ ವಿದ್ಯುತ್ ಒದಗಿಸುವವರೇ ಬೆಂಕಿ ಹಿಡಿಯದ ಮುಚ್ಚಿದ ಗೂಡಿನಲ್ಲಿ ಕಟ್‌ಔಟ್ ಇಡಬೇಕೆಂದು 1956ರ ನಿಯಮದಲ್ಲೇ ಇತ್ತು. ಆ ನಿಯಮಗಳ ಜಾಗಕ್ಕೆ ಕೇಂದ್ರ ವಿದ್ಯುತ್ ಪ್ರಾಧಿಕಾರದ 2010ರ ನಿಯಮಾವಳಿ ಬಂತು. ಅದರ ಜಾಗಕ್ಕೆ 2023ರದು ಬಂದಿದೆ. 2003ರ ವಿದ್ಯುತ್ ಕಾಯ್ದೆಯ 161ನೆಯ ಕಲಮಿನ ಪ್ರಕಾರ ವಿದ್ಯುತ್ತಿನಿಂದ ಸಾವು ನೋವು ಆದಾಗ, ಆಗುವ ಸಂಭವವಿದ್ದಾಗಲೂ, ವಿದ್ಯುತ್ ಪರಿವೀಕ್ಷಕರಿಗೆ ತಿಳಿಸಬೇಕು. ತನಿಖೆಯ ಮಾತು ಬಂದಾಗ ಮಾತ್ರ ಕಾಯ್ದೆಯ ನಾಲಗೆ ಮೆತ್ತಗಾಗುತ್ತದೆ: ಸರ್ಕಾರಕ್ಕೆ ಸರಿಯೆಂದು ಕಂಡರೆ ತನಿಖೆ ಮಾಡಿಸಬಹುದಂತೆ. ಕಾಣದಿದ್ದರೆ?

ನಾವು ಕೇಳುವುದು ದೊಡ್ಡದೇನೂ ಅಲ್ಲ. ಬೆಂಕಿ ಬಿದ್ದ ಪ್ರತಿಯೊಂದು ಅಂಗಡಿ, ಗೋದಾಮು, ಗಿರಣಿಯ ಪಂಚನಾಮೆಯಲ್ಲಿ ಫ್ಯೂಸಿನ ಸ್ಥಿತಿಯನ್ನು ಬರೆಯಲೇಬೇಕು: ಎಷ್ಟು ಆಂಪಿಯರಿನ ಸಾಲು, ಎಷ್ಟು ದಪ್ಪದ ತಂತಿ, ಕರಗಿತ್ತೋ ಇಲ್ಲವೋ. ಪರಿವೀಕ್ಷಕರ ವರದಿ ಕನ್ನಡದಲ್ಲಿ ಎಲ್ಲರಿಗೂ ಸಿಗಬೇಕು. ಬಾಡಿಗೆ ಕಟ್ಟಡದ ವೈರಿಂಗಿನ ಹೊಣೆ ಬಾಡಿಗೆ ಎಣಿಸುವವರದೇ ಆಗಬೇಕು. ಕಾರ್ಮಿಕ ಬಂಧುಗಳಿಗೆ ನಮ್ಮ ಸಲಹೆ: ದಪ್ಪ ತಂತಿ ಹಾಕು ಎಂದವರಿಂದ ಒಂದು ಸಾಲು ಬರೆಸಿಕೊಳ್ಳಿ, ರುಜು ಸಮೇತ. ಬರೆದುಕೊಡುವ ಧೈರ್ಯ ಎಷ್ಟು ಜನರಿಗಿದೆಯೋ ನೋಡೋಣ.

ಲೈನ್‌ಮನ್ ಗೆಳೆಯರಿಗೆ ಈ ವಿಷಯ ನಾವು ಹೇಳಿಕೊಡಬೇಕಾಗಿಲ್ಲ. ಜೊತೆಗಾರ ಕಂಬದ ಮೇಲಿರುವಾಗ ಕೆಳಗಿರುವವನು ಫ್ಯೂಸಿನ ಹಿಡಿಗಳನ್ನು ಕಿತ್ತು ತನ್ನ ಜೇಬಿನಲ್ಲಿಟ್ಟುಕೊಂಡು ಕಾಯುತ್ತಾನೆ. ಇನ್ನೊಬ್ಬನ ಪ್ರಾಣ ಜೇಬಿನಲ್ಲಿದೆಯೆಂದು ಅವನಿಗೆ ಗೊತ್ತು.

ಮಂಡಿಪೇಟೆಯ ಆ ಅಂಗಡಿಯ ಪಿಂಗಾಣಿ ಹಿಡಿಯನ್ನು ನಮ್ಮ ಓದುಗರು ತಂದುಕೊಟ್ಟಿದ್ದಾರೆ. ಗೂಡು ಮಸಿಯಾಗಿದೆ. ಏಳೆಳೆಯ ತಂತಿ ಮಾತ್ರ ತಿರುಪುಗಳ ನಡುವೆ ಹಾಗೆಯೇ ಇದೆ, ಒಂದೆಳೆಯೂ ಕರಗಿಲ್ಲ. ನಮ್ಮ ಕಚೇರಿಯ ಮೇಜಿನ ಮೇಲಿಟ್ಟಿದ್ದೇವೆ. ನೋಡಬೇಕೆನ್ನುವವರು ಸಂಜೆ ಆರರ ಮೇಲೆ ಬರಬಹುದು. ಪಕ್ಕದಲ್ಲೇ ಐದು ಆಂಪಿಯರಿನ ಸರಿಯಾದ ಎಳೆಯನ್ನೂ ಇಟ್ಟಿದ್ದೇವೆ, ಮುಟ್ಟಿ ಹೋಲಿಸಿಕೊಳ್ಳಲು.